ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಬೆಳಗ್ಗೆ ಹಾಜರಿ ಹಾಕುವುದು, ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುವುದು ನನ್ನ ಕೆಲಸ. 2001ರಲ್ಲಿ ಕಾಫಿ ದರ ಪಾತಾಳಕ್ಕೆ ಇಳಿಯಿತು. ತೋಟದಲ್ಲಿ ಯಾರನ್ನೂ ಕರೆದು 'ನಾಳೆಯಿಂದ ಬರಬೇಡಿ' ಎನ್ನಲಿಲ್ಲ. ಮೊದಲು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ನಿಂತಿತು, ಆಮೇಲೆ ಗೊಬ್ಬರ. ಕಾಯಂ ಆಳು ನಿವೃತ್ತಿಯಾದರೆ ಆ ಜಾಗಕ್ಕೆ ಹೊಸ ಹೆಸರು ಬರೆಯಲಿಲ್ಲ. ಕಳೆ ತೆಗೆಯುವುದು ಮೇಸ್ತ್ರಿಯ ಗುತ್ತಿಗೆಗೆ ಹೋಯಿತು.

ತೋಟದ ಆಳುಗಳಿರುವ ಲೈನ್ ಮನೆಯ, ಯರವ ಎಂಬ ಆದಿವಾಸಿ ಸಮುದಾಯದ ಹೆಂಗಸೊಬ್ಬರು ಒಂದು ಸಂಜೆ ಆಫೀಸಿಗೆ ಬಂದು, "ನನ್ನ ಹೆಸರು ಎಲ್ಲಿದೆ, ತೋರಿಸಿ" ಎಂದರು. ಪುಸ್ತಕ ತೆರೆದೆ. ಅಲ್ಲಿದ್ದದ್ದು ಇಷ್ಟೇ: 'ಮೇಸ್ತ್ರಿ ಕಡೆ, ಹೆಣ್ಣಾಳು 14.' ಅವರು ಆ 14ರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಹೆಸರಿಲ್ಲ ಅಂದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಔಷಧಿ ಎಲ್ಲ ಕೊಡಬೇಕು ಎನ್ನುತ್ತಿತ್ತು. ಆದರೆ ಯಾರಿಗೆ ಅಂತ ಕೇಳಿದರೆ ಪುಸ್ತಕವೇ ಸಾಕ್ಷಿ ಅಲ್ವಾ?

ಕಷ್ಟಕಾಲದಲ್ಲಿ ಸರ್ಕಾರಗಳು ಮಾಡುವುದನ್ನು ನಾನು ಇದೇ ಕಣ್ಣಲ್ಲಿ ನೋಡುತ್ತೇನೆ. ಜರ್ಮನಿಯಲ್ಲಿ 'ಕುರ್ಟ್ಸ್‌ಆರ್ಬೈಟ್' ಎಂಬ ಏರ್ಪಾಡಿದೆ. ಕೆಲಸ ಕಡಿಮೆಯಾದರೆ ಆಳನ್ನು ಬಿಡಿಸುವ ಬದಲು ಗಂಟೆ ಇಳಿಸುತ್ತಾರೆ. ಖೋತಾ ಆದ ಸಂಬಳದಲ್ಲಿ ಶೇ 60, ಮಕ್ಕಳಿದ್ದರೆ ಶೇ 67, ಉದ್ಯೋಗ ವಿಮೆಯ ನಿಧಿಯಿಂದ ಬರುತ್ತದೆ. 2009ರಲ್ಲಿ ಅಲ್ಲಿನ ಆರ್ಥಿಕತೆ ಶೇ 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಅಷ್ಟಾಗಿ ಏರಲಿಲ್ಲ. ಇದು ನಡೆದದ್ದು ಆಳುಗಳ ಹೆಸರು ವಿಮೆಯ ಲೆಕ್ಕದಲ್ಲಿ ಇದ್ದದ್ದರಿಂದ.

ನಮ್ಮಲ್ಲಿ? ಕೊರೊನಾ ಕಾಲದಲ್ಲಿ, 2020ರ ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳ ಕೆಲಸವನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿತು. ಹೈಕೋರ್ಟ್‌ಗೆ ದೂರು ಹೋಯಿತು, ಜೂನ್‌ನಲ್ಲಿ ಸರ್ಕಾರವೇ ಆದೇಶ ವಾಪಸ್ ಪಡೆಯಿತು. ಜನ ಕೆಲಸ ಇಲ್ಲದೆ ಕೂತಿದ್ದಾಗ ಇದ್ದವರ ಗಂಟೆ ಜಾಸ್ತಿ ಮಾಡುವುದು ಯಾವ ನ್ಯಾಯ? ನಿಜವಾಗಿ ಕೈ ಹಿಡಿದದ್ದು ಉದ್ಯೋಗ ಖಾತ್ರಿ. ಅದಕ್ಕೆ ಕೇಂದ್ರ ಆ ವರ್ಷ 40,000 ಕೋಟಿ ರೂಪಾಯಿ ಹೆಚ್ಚುವರಿ ಘೋಷಿಸಿತು. ಅಲ್ಲಿಯೂ ಜಾಬ್ ಕಾರ್ಡ್ ಬೇಕಿತ್ತು, ಹೆಸರು ಬೇಕಿತ್ತು.

2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಸರ್ಕಾರದ ಅನುಮತಿ ಇಲ್ಲದೆ ಆಳು ಕಡಿತ ಮಾಡಬಾರದು ಎಂಬ ನಿಯಮ ಮೊದಲು 100 ಜನರಿರುವ ತೋಟಕ್ಕೂ ಇತ್ತು, ಈಗ ಮಿತಿ 300. ಕೊಡಗಿನಲ್ಲಿ ಅಷ್ಟು ಜನರಿರುವ ತೋಟ ಎಷ್ಟು ಸಿಗುತ್ತವೆ? ಇದು ನನಗೆ ಸ್ವಲ್ಪವೂ ಹಿಡಿಸಿಲ್ಲ. ಆದರೆ ಅದೇ ಸಂಹಿತೆಗಳಲ್ಲಿ ಪ್ರತಿ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂದಿದೆ. ಅದನ್ನು ಸುಮ್ನೆ ಕಾಗದದಲ್ಲಿ ಬಿಡಬಾರದು. ರೋಬಸ್ಟಾ ಕೊಯ್ಲು ಶುರುವಾಗುವ ಮೊದಲೇ ಕಾರ್ಮಿಕ ಇಲಾಖೆಯವರು ಲೈನ್ ಮನೆಗೆ ಬರಲಿ. ಯರವರು, ಕುರುಬರು, ಅಸ್ಸಾಂನಿಂದ ಬಂದವರು, ಒಬ್ಬೊಬ್ಬರನ್ನೂ ಪತ್ರ ತೋರಿಸಿ ಎಂದು ಕೇಳಲಿ. ಇಲ್ಲದಿದ್ದರೆ ಅಲ್ಲೇ ಬರೆಸಲಿ.