ತಳ ಬಿಟ್ಟ ಪೆಟ್ಟಿಗೆ

ಬಸಳೆ ಬೆಳೆಸಿದ್ದ ಮರದ ಪೆಟ್ಟಿಗೆಯ ಒಂದು ತುದಿ ಎತ್ತಿ, ಕೆಳಗೆ ಇಟ್ಟಿಗೆ ತೂರಿಸೋಣ ಅಂತ ನಾನೂ ನನ್ನ ಹೆಂಡತಿಯೂ ಕೈ ಹಾಕಿದ್ದಷ್ಟೇ. ಪೆಟ್ಟಿಗೆ ಮೇಲೆ ಬಂತು. ತಳ ಬರಲಿಲ್ಲ. ಮಣ್ಣು, ಗೊಬ್ಬರ, ಬಸಳೆ ಬೇರು ಎಲ್ಲಾ ತಾರಸಿ ಮೇಲೇ ಗುಡ್ಡೆಯಾಗಿ ಉಳಿಯಿತು.

ಅದು ಎರಡು ವರ್ಷದ ಹಿಂದೆ ನಾನೇ ಮಾಡಿದ ಪೆಟ್ಟಿಗೆ. ಪೀಣ್ಯದ ಕಡೆಯ ಗುಜರಿ ಅಂಗಡಿಯಿಂದ ಹಳೇ ಪ್ಯಾಲೆಟ್, ಅಂದ್ರೆ ಸರಕು ಪೇರಿಸಿಡೋ ಮರದ ಹಲಗೆ ಚೌಕಟ್ಟು, ತಂದಿದ್ದೆ. ಹೊರದೇಶಕ್ಕೆ ಸರಕು ಹೊತ್ತು ಓಡಾಡುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಒಂದು ಮುದ್ರೆ ಇರುತ್ತದೆ. ಪಕ್ಕದಲ್ಲಿ ‘ಎಚ್‌ಟಿ’ ಅಂತಿದ್ದರೆ ಮರವನ್ನು ಕಾಯಿಸಿ ಹುಳ ಸಾಯಿಸಿದ್ದಾರೆ ಅಂತ ಅರ್ಥ. ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿ, 30 ನಿಮಿಷ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗಾಳಿ ಹಾಯಿಸಿದ್ದು. ತಿನ್ನೋ ಸೊಪ್ಪು ಬೆಳೆಯೋಕೆ ಅದು ಬೇಡ. ಇಷ್ಟೆಲ್ಲಾ ಓದಿಕೊಂಡು, ಮುದ್ರೆ ಹುಡುಕಿ ಹುಡುಕಿ ತಂದ ಜಾಣ ನಾನು. ಮೊಳೆ ಕೀಳುವಾಗ ಅರ್ಧ ಹಲಗೆ ಸೀಳಿಹೋದವು, ಆ ಮಾತು ಬಿಡಿ.

ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ನೀರು ತಾಗಿದರೆ ಮರ ಹಾಳಾಗುತ್ತೆ ಅಂತ ಒಳಗೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಹೊಡೆದೆ. ತಳಕ್ಕೆ ಮೂರೇ ಮೂರು ತೂತು. ಹೊರಗೆ ಎರಡು ಕೋಟ್ ವಾರ್ನಿಷ್. ನೇರ ತಾರಸಿ ಮೇಲೆ ಇಟ್ಟೆ. ನೋಡೋಕೆ ಚೆನ್ನಾಗಿಯೇ ಇತ್ತು.

ಬಿದ್ದ ತಳದ ಹಲಗೆ ಕೈಗೆತ್ತಿಕೊಂಡೆ. ಟೀಯಲ್ಲಿ ಅದ್ದಿದ ರಸ್ಕ್ ಹಾಗೆ ಬೆರಳಲ್ಲೇ ಮುರಿಯಿತು. ಪ್ಲಾಸ್ಟಿಕ್ಕಿಗೂ ಮರಕ್ಕೂ ನಡುವೆ ಬಿಳಿ ಎಳೆ ಎಳೆಯಾಗಿ ಬೂಷ್ಟು. ಗೆದ್ದಲು ಅಂದುಕೊಂಡಿದ್ದೆ, ಒಂದೂ ಇರಲಿಲ್ಲ. ತಮಾಷೆ ಅಂದ್ರೆ, ಮಳೆ ಬಿಸಿಲು ಎರಡನ್ನೂ ತಿಂದ ಪಕ್ಕದ ಹಲಗೆಗಳು ಗಟ್ಟಿಯಾಗಿದ್ದವು. ಅವು ನೆಂದರೂ ಒಣಗುತ್ತಿದ್ದವು. ತಳಕ್ಕೆ ಒಣಗಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಪುತ್ತೂರಿನಿಂದ ಬಂದಿದ್ದ ಅಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದರು. “ಅಲ್ಲ ಮಾರಾಯ, ಮರಕ್ಕೆ ಒದ್ದೆ ಬಟ್ಟೆ ಸುತ್ತಿ ಇಟ್ಟ ಹಾಗೆ ಮಾಡಿದ್ದೀಯಲ್ಲ!”

ಮುಂದಿನ ಸಲ ಬರುವಾಗ ಊರಿಂದ ಒಂದು ಬಾಟಲಿ ಗೇರೆಣ್ಣೆ ತಂದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ನಮ್ಮ ಕಡೆ ಮಾಡಿನ ಪಕ್ಕಾಸಿಗೆ (ಸೂರು ಹೊರುವ ಮರದ ಪಟ್ಟಿಗಳಿಗೆ), ದೋಣಿಗೆ ಹಚ್ಚುತ್ತಾರೆ. ಮೈಗೆ ತಾಗಿದರೆ ಸುಡುತ್ತೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೋ ಅಂದರು, ಗ್ಲೌಸ್ ಇದೆಯಲ್ಲ ಅಂದೆ. ಗ್ಲೌಸಿನ ಮೇಲೆ ಮಣಿಕಟ್ಟು ಇರುತ್ತೆ ಅಲ್ವಾ? ನಾಲ್ಕು ದಿನದಲ್ಲಿ ಅಲ್ಲಿ ಚರ್ಮ ಸುಲಿದು ಬಂತು.

ಹೊಸ ತಳಕ್ಕೆ ಹಲಗೆಗಳನ್ನು ಒತ್ತಾಗಿ ಜೋಡಿಸಲಿಲ್ಲ. ನಡುವೆ ಕಿರುಬೆರಳಿನ ಅರ್ಧ ದಪ್ಪದಷ್ಟು ಸಂದು ಬಿಟ್ಟು, ಮೇಲೆ ಗೋಣಿತಟ್ಟು ಹಾಸಿದೆ. ಮೊಳೆ ಬದಲು ಸ್ಟೀಲ್ ಸ್ಕ್ರೂ. ಗೇರೆಣ್ಣೆ ಹೊರಗಡೆಗೆ ಮತ್ತು ಅಡಿಗೆ ಮಾತ್ರ, ಒಳಗೆ ಬೋಳು ಮರ. ಅಂಟು ಪೂರ್ತಿ ಹೋಗುವವರೆಗೆ ಬಿಸಿಲಿಗಿಟ್ಟು ಆಮೇಲೆ ಮಣ್ಣು ತುಂಬಿದೆ. ಈ ಸಲ ಇಟ್ಟಿಗೆ ಮೊದಲು, ಪೆಟ್ಟಿಗೆ ಆಮೇಲೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯೋ ಮುಂಚೆ, ಇನ್ನೊಂದು ಕೈ ಎಣ್ಣೆ ಹೊಡೆಯುತ್ತೇನೆ. ತೆಂಗಿನೆಣ್ಣೆ ಹಚ್ಚಿಕೊಂಡು.

ಬೀದಿಗೆ ಬಿದ್ದಿದ್ದ ಬಸಳೆ ಬಳ್ಳಿಯನ್ನು ತುಂಡು ಮಾಡಿ ನೆಟ್ಟಿದ್ದೆ. ಈಗ ಬಟ್ಟೆ ತಂತಿ ದಾಟಿ ನೀರಿನ ಟ್ಯಾಂಕಿನ ಕಡೆ ಹೊರಟಿದೆ. ನೀರು ಹಾಕಿದ ಮೇಲೆ ಬಗ್ಗಿ ಅಡಿಗೆ ಕೈ ತೂರಿಸಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಮೊನ್ನೆ ಹಾಗೆ ಕೈ ಹಾಕಿದಾಗ ಅಲ್ಲಿ ಬೆಚ್ಚಗೆ ಸಂಸಾರ ಹೂಡಿದ್ದ ಹಲ್ಲಿಯೊಂದು ಮುಂಗೈ ಮೇಲೇ ಹತ್ತಿ ಓಡಿತು.