ಪಾಲಿಮರೇಸ್ ಯಾಕೆ ಒಂದೇ ದಿಕ್ಕಿಗೆ ಓಡುತ್ತದೆ?

ಡಿಎನ್ಎಯ ಎರಡು ಎಳೆಗಳನ್ನು ಹೆಲಿಕೇಸ್ ಎಂಬ ಕಿಣ್ವ ಬಿಡಿಸುತ್ತದೆ, ಪಾಲಿಮರೇಸ್ ಹೊಸ ಎಳೆ ಜೋಡಿಸುತ್ತದೆ, ಲೈಗೇಸ್ ತುಂಡುಗಳನ್ನು ಅಂಟಿಸುತ್ತದೆ. ಸೆಕೆಂಡ್ ಪಿಯುಸಿಯಲ್ಲಿ ಡಿಎನ್ಎ ನಕಲಾಗುವ ಪಾಠಕ್ಕೆ ಇಷ್ಟು ಬರೆದರೆ ಮಾರ್ಕ್ಸ್ ಬರುತ್ತದೆ. ಇಲ್ಲಿ ಕಾರವಾರದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಹುಡುಗಿಯೊಬ್ಬಳು ಅಷ್ಟಕ್ಕೆ ಬಿಡಲಿಲ್ಲ. "ಮೇಡಂ, ಒಂದು ಎಳೆ ಸಲೀಸಾಗಿ ಆಗ್ತದೆ, ಇನ್ನೊಂದು ಯಾಕೆ ತುಂಡು ತುಂಡು? ಎರಡೂ ದಿಕ್ಕಿಗೆ ಓಡುವ ಪಾಲಿಮರೇಸ್ ಇದ್ದಿದ್ರೆ ಮುಗೀತಿತ್ತಲ್ಲ?"

ಒಳ್ಳೆ ಪ್ರಶ್ನೆ ಅಲ್ವಾ?

ಮೊದಲು ಬಿಡಿಸುವ ಕೆಲಸ ನೋಡೋಣ. ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟುವ ಹಗ್ಗದ ಎಳೆಗಳನ್ನು ಒಂದು ತುದಿಯಿಂದ ಬೇರೆ ಮಾಡುತ್ತಾ ಹೋಗಿ, ಮುಂದಿನ ಹುರಿ ಬಿಗಿಯಾಗುತ್ತಾ ಕೊನೆಗೆ ಸಿಕ್ಕು ಬೀಳುತ್ತದೆ. ಡಿಎನ್ಎಗೂ ಅದೇ ಕಾಟ. ಟೊಪೊಐಸೊಮರೇಸ್ ಎಂಬ ಕಿಣ್ವ ಎಳೆ ಕತ್ತರಿಸಿ, ಹುರಿ ಸಡಿಲ ಮಾಡಿ, ಮತ್ತೆ ಜೋಡಿಸುತ್ತದೆ. ಬ್ಯಾಕ್ಟೀರಿಯಾದಲ್ಲಿರುವ ಈ ಜಾತಿಯ ಕಿಣ್ವ ಗೈರೇಸ್. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಹೊಡೆಯುವುದು ಇದಕ್ಕೇ: ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಬಿಡುವುದಿಲ್ಲ. (ಹಾಗಂತ ಜ್ವರ ಬಂದಾಗೆಲ್ಲ ಸುಮ್ನೆ ಮೆಡಿಕಲ್ ಶಾಪಿಂದ ತಂದು ನುಂಗಬೇಡಿ.)

ಇನ್ನು ಪಾಲಿಮರೇಸ್. ಅದಕ್ಕೆ ತಾನಾಗಿ ಶುರು ಮಾಡಲು ಬರುವುದಿಲ್ಲ, ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಮೊದಲು ಒಂದು ಚಿಕ್ಕ ಆರ್‌ಎನ್‌ಎ ತುಂಡು ಇಟ್ಟುಕೊಡಬೇಕು. ಆಮೇಲೂ ಹೊಸ ಎಳೆಯ ಎರಡು ತುದಿಗಳಲ್ಲಿ 3 ಪ್ರೈಮ್ ಎಂಬ ತುದಿಗೆ ಮಾತ್ರ ಸೇರಿಸುತ್ತದೆ. ಎರಡು ಎಳೆಗಳೂ ಎದುರುಬದುರು ದಿಕ್ಕಿನವು, ಹಾಗಾಗಿ ಒಂದರ ಮೇಲೆ ನೆಟ್ಟಗೆ ಓಟ, ಇನ್ನೊಂದರಲ್ಲಿ ಸ್ವಲ್ಪ ಬಿಚ್ಚಿದ ಹಾಗೆ ಹಿಂದೆ ಬಂದು ತುಂಡು ಕಟ್ಟುವುದು. 1960ರ ದಶಕದಲ್ಲಿ ಇದನ್ನು ಕಂಡುಹಿಡಿದವರು ಜಪಾನಿನ ರೇಜಿ ಮತ್ತು ತ್ಸುನೆಕೊ ಒಕಾಝಾಕಿ ದಂಪತಿ. ಬ್ಯಾಕ್ಟೀರಿಯಾದಲ್ಲಿ ಒಂದು ತುಂಡಿಗೆ 1000ದಿಂದ 2000 ನ್ಯೂಕ್ಲಿಯೊಟೈಡ್ (ಎಳೆ ಕಟ್ಟುವ ಒಂದೊಂದು ಮಣಿ), ನಮ್ಮಲ್ಲಿ 100ರಿಂದ 200 ಅಷ್ಟೇ. ಆರ್‌ಎನ್‌ಎ ತೆಗೆದು ಜಾಗ ತುಂಬಿದ ಮೇಲೆ ಲೈಗೇಸ್ ಬೆಸೆಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆ? ಉತ್ತರ ಇರುವುದು ತಪ್ಪು ತಿದ್ದುವುದರಲ್ಲಿ. ಹೊಸ ನ್ಯೂಕ್ಲಿಯೊಟೈಡ್ ಮೂರು ಫಾಸ್ಫೇಟ್ ಹೊತ್ತು ಬರುತ್ತದೆ, ಎರಡು ಉದುರುವಾಗ ಸಿಗುವ ಶಕ್ತಿಯಿಂದ ತಾನೇ ಸೇರಿಕೊಳ್ಳುತ್ತದೆ. ತಪ್ಪು ಸೇರಿತು ಅನ್ನಿ, ಪಾಲಿಮರೇಸ್ ಅದನ್ನು ಕಿತ್ತು ಬಿಸಾಡುತ್ತದೆ, ಮುಂದೆ ಬರುವವನು ತನ್ನ ಶಕ್ತಿ ತಾನೇ ತರುತ್ತಾನೆ, ತೊಂದರೆ ಇಲ್ಲ. ಉಲ್ಟಾ ದಿಕ್ಕಿಗೆ ಬೆಳೆದಿದ್ದರೆ ಆ ಮೂರು ಫಾಸ್ಫೇಟ್ ಬೆಳೆಯುವ ಎಳೆಯ ತುದಿಯಲ್ಲೇ ಇರಬೇಕಿತ್ತು. ತಪ್ಪು ಕಿತ್ತರೆ ಶಕ್ತಿಯೂ ಅದರ ಜೊತೆಗೇ ಹೋಗುತ್ತಿತ್ತು, ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ತಿದ್ದದೆ ಬಿಟ್ಟರೆ ಪಾಲಿಮರೇಸ್ ಸುಮಾರು 1 ಲಕ್ಷ ನ್ಯೂಕ್ಲಿಯೊಟೈಡ್ ಸೇರಿಸಿದರೆ ಒಂದು ತಪ್ಪು ಮಾಡುತ್ತದೆ. ಕೇಳಲು ಕಡಿಮೆ ಅನಿಸುತ್ತದೆ, ಆದರೆ ನಮ್ಮ ಒಂದು ಜೀವಕೋಶದಲ್ಲಿ 600 ಕೋಟಿ ಬೇಸ್ ಜೋಡಿಗಳಿವೆ (ಎರಡು ಎಳೆಗಳಲ್ಲಿ ಎದುರುಬದುರು ಕೂತ ನ್ಯೂಕ್ಲಿಯೊಟೈಡ್ ಜೋಡಿಗಳು). ಒಂದೊಂದು ಎಳೆ ನಕಲಾಗುವಾಗಲೂ 60,000 ತಪ್ಪು! ಸ್ಥಳದಲ್ಲೇ ತಿದ್ದಿದರೆ ಇದು ನೂರು ಪಟ್ಟು ಇಳಿಯುತ್ತದೆ. ಆಮೇಲೂ ಉಳಿದದ್ದನ್ನು ಹುಡುಕಿ ಸರಿಮಾಡಲು ಬೇರೆಯೇ ಪ್ರೋಟೀನುಗಳ ತಂಡ ಇದೆ. ಅವುಗಳದ್ದೂ ಮುಗಿದ ಮೇಲೆ 100 ಕೋಟಿಗೆ ಒಂದು ಉಳಿದರೆ ಜಾಸ್ತಿ.