ಪೈಥಾನ್‌ನಲ್ಲಿ ಮಾಡ್ಯೂಲ್ ಇದೆಯೇ ಎಂದು ಪರೀಕ್ಷಿಸುವ ಬಗೆ

ಬೇರೆಯವರು ಬರೆದ ಸ್ಕ್ರಿಪ್ಟನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವ ಮೊದಲು ಅದಕ್ಕೆ ಬೇಕಾದ ಮಾಡ್ಯೂಲುಗಳು, ಅಂದರೆ ಅದು ಎರವಲು ಪಡೆದು ಬಳಸುವ ಸಿದ್ಧ ಕೋಡಿನ ಕಡತಗಳು, ಅಲ್ಲಿವೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ಪೈಥಾನ್ ಬಳಸುವವರಲ್ಲಿ ಅನೇಕರು ಇದಕ್ಕಾಗಿ ಟರ್ಮಿನಲ್ ತೆರೆದು ಮಾಡ್ಯೂಲುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಎಂಬ ಉಪಕರಣಕ್ಕೆ ‘ಪಿಪ್ ಲಿಸ್ಟ್’ ಎಂಬ ಆಜ್ಞೆ ಕೊಟ್ಟು, ಬಂದ ಪಟ್ಟಿಯಲ್ಲಿ ಹೆಸರನ್ನು ಹುಡುಕುತ್ತಾರೆ. ಪಟ್ಟಿ ಉಪಯುಕ್ತವೇ ಹೌದು, ಆದರೆ ಅದನ್ನಷ್ಟೇ ನಂಬಿ ಮುಂದುವರಿಯಬಾರದೆಂದು ನಾನು ಹೇಳುತ್ತೇನೆ. ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಮಾಡ್ಯೂಲ್ ಇದ್ದರೆ ಪ್ರಯೋಜನವಿಲ್ಲ. ನಮ್ಮ ಸ್ಕ್ರಿಪ್ಟನ್ನು ಓಡಿಸಲಿರುವ ಪೈಥಾನ್‌ಗೇ ಅದು ಸಿಗಬೇಕು.

ಒಂದೇ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ಬಂದ ಪೈಥಾನ್, ಆಮೇಲೆ ನಾವೇ ಹಾಕಿಕೊಂಡ ಹೊಸ ಆವೃತ್ತಿ, ಒಂದೊಂದು ಪ್ರಾಜೆಕ್ಟಿಗೂ ಪ್ರತ್ಯೇಕವಾಗಿ ಮಾಡಿಕೊಂಡ, ತನ್ನದೇ ಮಾಡ್ಯೂಲುಗಳಿರುವ ವರ್ಚುವಲ್ ಎನ್ವಿರಾನ್‌ಮೆಂಟ್ ಹೀಗೆ ಹಲವು ಪೈಥಾನ್‌ಗಳಿರುವುದು ಸಾಮಾನ್ಯ. ಇವುಗಳಲ್ಲಿ ಪ್ರತಿಯೊಂದಕ್ಕೂ ಮಾಡ್ಯೂಲುಗಳನ್ನು ಇಡುವ ಫೋಲ್ಡರ್ ಬೇರೆ. ಬರಿಯ ‘ಪಿಪ್’ ಎಂದು ಬರೆದಾಗ ಅದು ಇವುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಆದ್ದರಿಂದ ‘ಪೈಥಾನ್ -ಎಂ ಪಿಪ್ ಲಿಸ್ಟ್’ ಎಂದು ಬರೆಯುವುದು ಮೇಲು. ಆಗ ಪಟ್ಟಿ ಕೊಡುವ ಪಿಪ್ ನಾವು ಹೆಸರಿಸಿದ ಪೈಥಾನ್‌ನದ್ದೇ ಆಗಿರುತ್ತದೆ. ಸಂದೇಹ ಉಳಿದರೆ ಸ್ಕ್ರಿಪ್ಟಿನ ಒಳಗಿನಿಂದಲೇ ಪೈಥಾನ್‌ನ ಜೊತೆಯಲ್ಲೇ ಬರುವ ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಮತ್ತು ಪಾತ್ ಎಂಬ ಎರಡು ಮೌಲ್ಯಗಳನ್ನು ಮುದ್ರಿಸಿ ನೋಡಬಹುದು: ಓಡುತ್ತಿರುವ ಪೈಥಾನ್ ಯಾವುದೆಂದು ಮೊದಲನೆಯದು ಹೇಳಿದರೆ, ಅದು ಮಾಡ್ಯೂಲುಗಳನ್ನು ಯಾವ ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕುತ್ತದೆಂದು ಎರಡನೆಯದು ಹೇಳುತ್ತದೆ. ಟರ್ಮಿನಲ್ಲಿನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟು ನಿಗದಿತ ಸಮಯಕ್ಕೆ ಆಜ್ಞೆಗಳನ್ನು ತಾನಾಗಿ ಓಡಿಸುವ ಕ್ರಾನ್ ಮೂಲಕ ಓಡಿಸಿದಾಗ ಮಾಡ್ಯೂಲ್ ಇಲ್ಲವೆಂದು ದೂರಿದರೆ, ಮೊದಲು ನೋಡಬೇಕಾದದ್ದು ಇವೆರಡನ್ನೇ, ಏಕೆಂದರೆ ನಾವು ಟರ್ಮಿನಲ್ಲಿನಲ್ಲಿ ಸಕ್ರಿಯಗೊಳಿಸಿದ ವರ್ಚುವಲ್ ಎನ್ವಿರಾನ್‌ಮೆಂಟಿನ ಸುಳಿವು ಕ್ರಾನ್‌ಗೆ ಇರುವುದಿಲ್ಲ.

ಹೆಸರುಗಳ ತೊಡಕು ಇನ್ನೊಂದು. ಪಿಪ್‌ಗೆ ಕೊಡುವ ಹೆಸರು, ಮಾಡ್ಯೂಲನ್ನು ಸ್ಕ್ರಿಪ್ಟಿನೊಳಗೆ ಕರೆತರುವಾಗ, ಅಂದರೆ ಇಂಪೋರ್ಟ್ ಮಾಡುವಾಗ, ಬರೆಯುವ ಹೆಸರು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಪಿಲ್ಲೋ ಎಂದು ಇನ್‌ಸ್ಟಾಲ್ ಮಾಡಿದ್ದನ್ನು ಪಿಐಎಲ್ ಎಂದು, ಪೈಯಾಮಲ್ ಅನ್ನು ಬರಿಯ ಯಾಮಲ್ ಎಂದು, ಸೈಕಿಟ್-ಲರ್ನ್ ಅನ್ನು ಎಸ್‌ಕೆಲರ್ನ್ ಎಂದು, ಓಪನ್‌ಸಿವಿ-ಪೈಥಾನ್ ಅನ್ನು ಸಿವಿ2 ಎಂದು ಕರೆಯಬೇಕು. ಹಾಗಾಗಿ ಪಿಪ್ ಪಟ್ಟಿಯಲ್ಲಿ ಸಿವಿ2 ಕಾಣಲಿಲ್ಲವೆಂದು ಅದು ಇಲ್ಲವೆನ್ನಲಾಗದು. ಪೈಥಾನ್‌ನ ಜೊತೆಯಲ್ಲೇ ಬರುವ ಜೇಸನ್‌ನಂಥ ಮಾಡ್ಯೂಲುಗಳಂತೂ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಎಲ್ಲಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆಯೆಂದರೆ ಆ ಮಾಡ್ಯೂಲನ್ನು ಇಂಪೋರ್ಟ್ ಮಾಡಿಯೇ ನೋಡುವುದು. ಪೈಥಾನ್‌ಗೆ ‘-ಸಿ’ ಎಂಬ ಆಯ್ಕೆ ಕೊಟ್ಟು, ಅದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ ಇಂಪೋರ್ಟ್ ಸಾಲನ್ನು ಬರೆದರೆ ಸಾಕು. ಏನೂ ಮುದ್ರಣವಾಗದೆ ಆಜ್ಞೆ ಮುಗಿದರೆ ಮಾಡ್ಯೂಲ್ ಸಿಕ್ಕಿತೆಂದೇ ಅರ್ಥ. ಆಗ ಆಜ್ಞೆ ಯಶಸ್ವಿಯಾಯಿತೇ ಎಂದು ಹೇಳುವ ನಿರ್ಗಮನ ಸಂಕೇತ 0 ಆಗಿರುವುದರಿಂದ ಶೆಲ್ ಸ್ಕ್ರಿಪ್ಟಿನಲ್ಲಿಯೂ ಇದನ್ನು ಸುಲಭವಾಗಿ ಬಳಸಬಹುದು. ಸಿಗದಿದ್ದರೆ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಬರುತ್ತದೆ. 3.6ನೇ ಆವೃತ್ತಿಯಿಂದ ಬಂದ ಈ ದೋಷವು ಹಳೆಯ ಇಂಪೋರ್ಟ್‌ಎರರ್‌ನ ಒಂದು ಉಪಪ್ರಕಾರ. ಕಡತ ಸಿಕ್ಕಿಯೂ ಅದರೊಳಗಿನ ಯಾವುದೋ ಹೆಸರು ಸಿಗದಿದ್ದರೆ, ಅಥವಾ ಅದು ನೆಚ್ಚಿಕೊಂಡ ಸಿ ಭಾಷೆಯ ಲೈಬ್ರರಿ ತೆರೆಯದಿದ್ದರೆ, ಸಾಮಾನ್ಯವಾಗಿ ಬರುವುದು ಬರಿಯ ಇಂಪೋರ್ಟ್‌ಎರರ್. ಈ ವ್ಯತ್ಯಾಸವನ್ನು ಗಮನಿಸದೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರನ್ನು ಬಹಳ ನೋಡಿದ್ದೇನೆ.

ಭಾರೀ ಮಾಡ್ಯೂಲುಗಳನ್ನು ಇಂಪೋರ್ಟ್ ಮಾಡಲು ಸಮಯ ಹಿಡಿಯುತ್ತದೆ, ಕೆಲವು ಇಂಪೋರ್ಟ್ ಆಗುವಾಗಲೇ ಏನಾದರೊಂದು ಕೆಲಸ ಶುರುಮಾಡುತ್ತವೆ. ಅಂಥ ಕಡೆ ಇಂಪೋರ್ಟ್‌ಲಿಬ್.ಯುಟಿಲ್ ಒಳಗಿನ ಫೈಂಡ್_ಸ್ಪೆಕ್ ಎಂಬ ಫಂಕ್ಷನ್ ಉಪಯೋಗಕ್ಕೆ ಬರುತ್ತದೆ. ಅದು ಮಾಡ್ಯೂಲನ್ನು ಓಡಿಸದೆ ಎಲ್ಲಿದೆಯೆಂದು ಮಾತ್ರ ಹುಡುಕಿ, ಸಿಗದಿದ್ದರೆ ನನ್ (None), ಅಂದರೆ ‘ಏನೂ ಇಲ್ಲ’ ಎಂಬ ಮೌಲ್ಯವನ್ನು ಹಿಂದಿರುಗಿಸುತ್ತದೆ. ಆದರೆ ಚುಕ್ಕಿಯಿರುವ ಹೆಸರನ್ನು ಕೊಟ್ಟರೆ ಚುಕ್ಕಿಯ ಹಿಂದಿನ ಪ್ಯಾಕೇಜನ್ನು (ಮಾಡ್ಯೂಲುಗಳ ಫೋಲ್ಡರನ್ನು) ಅದು ಇಂಪೋರ್ಟ್ ಮಾಡಿಯೇ ಬಿಡುತ್ತದೆ. ಆ ಪ್ಯಾಕೇಜೇ ಇಲ್ಲದಿದ್ದರೆ ನನ್ ಬದಲು ದೋಷ ಎಸೆಯುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ಖಾಲಿ ಫೋಲ್ಡರಿನ ಪ್ರಸಂಗ. 3.3ರಿಂದ ಪೈಥಾನ್ ನೇಮ್‌ಸ್ಪೇಸ್ ಪ್ಯಾಕೇಜುಗಳನ್ನು, ಅಂದರೆ ಆರಂಭಿಕ ಕಡತವಿಲ್ಲದ ಬರಿಯ ಫೋಲ್ಡರುಗಳನ್ನೂ, ಪ್ಯಾಕೇಜುಗಳೆಂದು ಒಪ್ಪುವುದರಿಂದ, ಹುಡುಕುವ ದಾರಿಯಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಇದ್ದು ನಿಜವಾದ ಮಾಡ್ಯೂಲ್ ಎಲ್ಲಿಯೂ ಇಲ್ಲದಿದ್ದರೆ, ಫೈಂಡ್_ಸ್ಪೆಕ್ ‘ಸಿಕ್ಕಿತು’ ಎನ್ನುತ್ತದೆ, ಇಂಪೋರ್ಟ್ ಕೂಡ ಸದ್ದಿಲ್ಲದೆ ನಡೆದುಹೋಗುತ್ತದೆ. ಫೈಂಡ್_ಸ್ಪೆಕ್ ಹಿಂದಿರುಗಿಸಿದ್ದರೊಳಗೆ, ಸಿಕ್ಕಿದ್ದು ಎಲ್ಲಿಂದ ಎಂದು ತೋರಿಸುವ ಆರಿಜಿನ್ ಮೌಲ್ಯವನ್ನೂ ನೋಡಿಕೊಂಡರೆ ಈ ಮೋಸ ಬಯಲಾಗುತ್ತದೆ. ಯಾರೋ ರ‍್ಯಾಂಡಮ್.ಪಿವೈ ಎಂದು ಹೆಸರಿಟ್ಟ ಕಡತವೊಂದು ಸ್ಕ್ರಿಪ್ಟಿನ ಪಕ್ಕದಲ್ಲೇ ಕುಳಿತು ಅಸಲು ರ‍್ಯಾಂಡಮ್ ಮಾಡ್ಯೂಲನ್ನು ಮರೆಮಾಡಿದ್ದರೂ ಅಲ್ಲಿಯೇ ತಿಳಿಯುತ್ತದೆ.

ಇದ್ದರೆ ಬಳಸು, ಇಲ್ಲದಿದ್ದರೆ ಬಿಡು ಎಂಬಂಥ ಐಚ್ಛಿಕ ಮಾಡ್ಯೂಲುಗಳಿಗೆ ದೋಷ ಬಂದರೆ ಅದನ್ನು ಹಿಡಿದುಕೊಳ್ಳುವ ಟ್ರೈ ಮತ್ತು ಎಕ್ಸೆಪ್ಟ್ ಜೋಡಿಯೇ ರೂಢಿ. ಅಲ್ಲಿ ಹಿಡಿದ ದೋಷದ ನೇಮ್ ಮೌಲ್ಯವನ್ನು ಹೋಲಿಸುವ ಅಭ್ಯಾಸ ಒಳ್ಳೆಯದು: ನಾವು ಕೇಳಿದ ಮಾಡ್ಯೂಲೇ ಇಲ್ಲವೋ, ಅದು ಇದ್ದು ಅದಕ್ಕೆ ಬೇಕಾದ ಮತ್ತೊಂದು ಇಲ್ಲವೋ ಎಂಬುದು ಅದರಿಂದಲೇ ಗೊತ್ತಾಗಬೇಕು. ಎರಡನೆಯ ಸ್ಥಿತಿಯನ್ನು ನುಂಗಿಕೊಂಡು ಸುಮ್ಮನಾಗುವ ಕೋಡನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಇರುವಿಕೆಯ ಜೊತೆಗೆ ಆವೃತ್ತಿಯೂ ಬೇಕಾದಲ್ಲಿ, ಎಲ್ಲ ಮಾಡ್ಯೂಲುಗಳೂ ತಮ್ಮೊಳಗೆ ಆವೃತ್ತಿ ಸಂಖ್ಯೆಯನ್ನು ಬರೆದುಕೊಂಡಿರುತ್ತವೆಂದು ಭಾವಿಸುವಂತಿಲ್ಲ. 3.8ರಿಂದ ಲಭ್ಯವಿರುವ ಇಂಪೋರ್ಟ್‌ಲಿಬ್.ಮೆಟಾಡೇಟಾದ ವರ್ಷನ್ ಫಂಕ್ಷನ್ನನ್ನು ಕೇಳುವುದು ಸೂಕ್ತ. ಆದರೆ ಅದಕ್ಕೆ ಕೊಡಬೇಕಾದದ್ದು ಇಂಪೋರ್ಟ್ ಮಾಡುವ ಹೆಸರಲ್ಲ, ಪಿಪ್‌ಗೆ ಕೊಟ್ಟ ಹೆಸರು.